ಅರುಶಾದ ಒಪ್ಪಂದ, ಬುಸಿಯಾದ ಗಡಿ

ಪಶ್ಚಿಮ ಕೆನ್ಯಾದ ಅಂಚಿನಲ್ಲಿ ಬುಸಿಯಾ ಎಂಬ ಊರಿದೆ. ಗಡಿ ದಾಟಿದರೆ ಉಗಾಂಡ. ಆ ಕಡೆಯ ಊರಿನ ಹೆಸರೂ ಬುಸಿಯಾ. ವಸಾಹತು ಕಾಲದ ಗೆರೆ ಊರನ್ನು ಸೀಳಿತು, ಸಮಿಯಾ ಮತ್ತು ಟೆಸೊ ಜನರ ನೆಂಟಸ್ತನಗಳನ್ನೂ ಸೀಳಿತು. ಆದರೆ ಸಂತೆ ನಿಲ್ಲಲಿಲ್ಲ. ಉಗಾಂಡದಿಂದ ಮೆಕ್ಕೆಜೋಳ, ಬೀನ್ಸ್, ಮೊಟ್ಟೆ, ಟೊಮೆಟೊ ಈಚೆ ಬರುತ್ತವೆ. ಸೋಪು, ಅಡುಗೆ ಎಣ್ಣೆ, ಪ್ಲಾಸ್ಟಿಕ್ ಸಾಮಾನು ಆಚೆ ಹೋಗುತ್ತವೆ. ಪೂರ್ವ ಆಫ್ರಿಕಾದಲ್ಲಿ ಈಗ ಎಲ್ಲೆಡೆ ಓಡಾಡುವ ಬೋಡಾ-ಬೋಡಾ ಬೈಕ್ ಟ್ಯಾಕ್ಸಿ ಶುರುವಾದದ್ದು ಇಲ್ಲೇ, ಎರಡು ಗಡಿಗೇಟುಗಳ ನಡುವಿನ ಖಾಲಿ ಜಾಗದಲ್ಲಿ ಜನರನ್ನು ಕೂರಿಸಿಕೊಂಡು ಹೋಗುತ್ತಿದ್ದ ಸೈಕಲ್ ಸವಾರರಿಂದ.

ಬಹಳ ಕಾಲ ಈ ಸಂತೆಯ ಅರ್ಧ ವ್ಯವಹಾರ ಕದ್ದುಮುಚ್ಚಿಯೇ ನಡೆಯುತ್ತಿತ್ತು. ತಲೆಯ ಮೇಲೆ ಬುಟ್ಟಿ ಹೊತ್ತು ಗಡಿ ದಾಟುವವರಲ್ಲಿ ಹೆಚ್ಚಿನವರು ಹೆಂಗಸರು. ಸುಂಕದ ಕಚೇರಿಯ ಅರ್ಜಿ, ಏಜೆಂಟರ ಶುಲ್ಕ, ಪೊಲೀಸರ ಮಾಮೂಲು ಎಲ್ಲ ಲೆಕ್ಕ ಹಾಕಿದರೆ ಒಂದು ಬುಟ್ಟಿ ಟೊಮೆಟೊದ ಲಾಭ ಅಲ್ಲಿಗಲ್ಲಿಗೇ ಮುಗಿಯುತ್ತಿತ್ತು. ಹಾಗಾಗಿ ಅವರು ಹಿಡಿಯುತ್ತಿದ್ದದ್ದು ಹೊಲಗಳ ನಡುವಿನ ಕಳ್ಳದಾರಿ. ಸ್ಥಳೀಯರು ಅದನ್ನು ‘ಪಾನ್ಯಾ’, ಅಂದರೆ ಇಲಿಯ ದಾರಿ ಎನ್ನುತ್ತಾರೆ. ಅಲ್ಲಿ ಸಿಕ್ಕಿಬಿದ್ದರೆ ಸರಕೂ ಹೋಯಿತು, ಮರ್ಯಾದೆಯೂ ಹೋಯಿತು.

ಈಗ ಬುಸಿಯಾದಲ್ಲಿ ‘ಒನ್ ಸ್ಟಾಪ್ ಬಾರ್ಡರ್ ಪೋಸ್ಟ್’ ಇದೆ. 2018ರ ಫೆಬ್ರುವರಿಯಲ್ಲಿ ಕೆನ್ಯಾದ ಅಧ್ಯಕ್ಷ ಉಹುರು ಕೆನ್ಯಾಟ್ಟ ಮತ್ತು ಉಗಾಂಡದ ಅಧ್ಯಕ್ಷ ಯೊವೆರಿ ಮುಸೆವೆನಿ ಜೊತೆಯಾಗಿ ಬಂದು ಇದನ್ನು ಉದ್ಘಾಟಿಸಿದರು. ಕೆನ್ಯಾದಿಂದ ಉಗಾಂಡಕ್ಕೆ ಹೋಗುವವರು ಈಗ ಎರಡು ಕಚೇರಿ ಸುತ್ತಬೇಕಿಲ್ಲ. ಉಗಾಂಡದ ಕಡೆಯ ಕಟ್ಟಡದಲ್ಲೇ ಎರಡೂ ದೇಶಗಳ ಅಧಿಕಾರಿಗಳು ಅಕ್ಕಪಕ್ಕದ ಕೌಂಟರ್‌ಗಳಲ್ಲಿ ಕೂತಿರುತ್ತಾರೆ. ಒಬ್ಬರು ಹೊರಗೆ ಹೋದ ಮುದ್ರೆ ಒತ್ತಿದರೆ ಪಕ್ಕದವರು ಒಳಗೆ ಬಂದ ಮುದ್ರೆ ಒತ್ತುತ್ತಾರೆ. ಸಣ್ಣ ವ್ಯಾಪಾರಿಗಳಿಗೆ ಬೇರೆಯೇ ಸವಲತ್ತಿದೆ. ಸರಕು ಈ ಪ್ರದೇಶದಲ್ಲೇ ಬೆಳೆದದ್ದು ಅಥವಾ ತಯಾರಾದದ್ದಾಗಿ, ಒಪ್ಪಿದ ಪಟ್ಟಿಯಲ್ಲಿದ್ದು, ಬೆಲೆ 2,000 ಡಾಲರ್ ಮೀರದಿದ್ದರೆ ಗಡಿಯಲ್ಲೇ ಒಂದು ಸರಳ ಪ್ರಮಾಣಪತ್ರ ಸಿಗುತ್ತದೆ. ಅದು ಕೈಯಲ್ಲಿದ್ದರೆ ಆಮದು ಸುಂಕವಿಲ್ಲ.

ಈ ಕೌಂಟರಿನ ಹಿಂದಿರುವುದು ಪೂರ್ವ ಆಫ್ರಿಕಾ ಸಮುದಾಯ, ಇಂಗ್ಲಿಷ್ ಅಕ್ಷರಗಳಲ್ಲಿ ಇಎಸಿ. ಕೆನ್ಯಾ, ಉಗಾಂಡ, ತಾಂಜಾನಿಯ, ರುವಾಂಡ, ಬುರುಂಡಿ, ದಕ್ಷಿಣ ಸುಡಾನ್, ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ ಮತ್ತು ಸೊಮಾಲಿಯ ಸೇರಿದ ಎಂಟು ದೇಶಗಳ ಕೂಟವಿದು. ಜನಸಂಖ್ಯೆ 30 ಕೋಟಿ ಮೀರುತ್ತದೆ. ಹಿಂದೂ ಮಹಾಸಾಗರದ ದಡದಿಂದ ಅಟ್ಲಾಂಟಿಕ್‌ವರೆಗೆ ಅದರ ನಕ್ಷೆ ಹರಡಿದೆ. ಮುಖ್ಯ ಕಚೇರಿ ಇರುವುದು ಉತ್ತರ ತಾಂಜಾನಿಯದ ಅರುಶಾ ನಗರದಲ್ಲಿ. ಸುಂಕವಿಲ್ಲದ ವ್ಯಾಪಾರ, ಜನರ ಮುಕ್ತ ಓಡಾಟ, ಒಂದೇ ನಾಣ್ಯ, ಕೊನೆಗೆ ಒಂದೇ ರಾಜಕೀಯ ಒಕ್ಕೂಟ ಎಂಬ ನಾಲ್ಕು ಮೆಟ್ಟಿಲುಗಳನ್ನು ಅದು ಗೊತ್ತುಮಾಡಿಕೊಂಡಿದೆ. ಮೊದಲ ಎರಡನ್ನು ಹತ್ತಿದ್ದಾಗಿದೆ, ಕಾಗದದ ಮೇಲಂತೂ.

ಈ ಕೂಟಕ್ಕೆ ಇದು ಎರಡನೆಯ ಜನ್ಮ. ಮೊದಲ ಬಾರಿ ಅದು ಒಡೆದುಹೋಗಿತ್ತು. ಇಂದಿನ ಅದರ ನಡೆಯಲ್ಲಿ ಕಾಣುವ ಅತಿಯಾದ ಎಚ್ಚರಕ್ಕೂ, ಒಮ್ಮೊಮ್ಮೆ ಕೈಕಟ್ಟಿ ಕೂರುವ ಸ್ವಭಾವಕ್ಕೂ ಮೂಲ ಅಲ್ಲಿಯೇ ಇದೆ.

ಕತೆ ಶುರುವಾಗುವುದು ರೈಲಿನಿಂದ. 1896ರಲ್ಲಿ ಬ್ರಿಟಿಷರು ಮೊಂಬಾಸಾ ಬಂದರಿನಿಂದ ಒಳನಾಡಿಗೆ ಹಳಿ ಹಾಕಲು ಹೊರಟರು. ಕೆಲಸಕ್ಕೆ ಭಾರತದಿಂದ ಸುಮಾರು 32,000 ಕೂಲಿಗಳನ್ನು ಕರೆದೊಯ್ದರು, ಬಹುತೇಕ ಪಂಜಾಬಿನವರು. ಅವರಲ್ಲಿ ಎರಡೂವರೆ ಸಾವಿರದಷ್ಟು ಜನ ಅಲ್ಲೇ ಸತ್ತರು. 1901ರಲ್ಲಿ ಹಳಿ ವಿಕ್ಟೋರಿಯಾ ಸರೋವರದ ದಡದ ಕಿಸುಮು ತಲುಪಿತು. ಆ ಕಾಲದಲ್ಲಿ ಅಲ್ಲಿ ಚಲಾವಣೆಯಲ್ಲಿದ್ದ ಹಣ ಭಾರತದ ರೂಪಾಯಿ. ಅದು ಹೋಗಿ 1921ರಲ್ಲಿ ಪೂರ್ವ ಆಫ್ರಿಕಾ ಶಿಲ್ಲಿಂಗ್ ಬಂತು. ಕೆನ್ಯಾ ಮತ್ತು ಉಗಾಂಡದ ನಡುವೆ 1917ರಲ್ಲೇ ಸುಂಕ ಒಕ್ಕೂಟವಾಗಿತ್ತು. ಇಂದಿನ ತಾಂಜಾನಿಯದ ಮುಖ್ಯ ಭೂಭಾಗವಾದ ಟಾಂಗನ್ಯೀಕ 1927ರಲ್ಲಿ ಸೇರಿತು. ಹೀಗೆ ರೈಲು, ಅಂಚೆ, ಬಂದರು, ತೆರಿಗೆ, ನಾಣ್ಯ ಎಲ್ಲವೂ ಒಂದೇ ಆದವು. ಯುರೋಪಿನಲ್ಲಿ ಸಾಮಾನ್ಯ ಮಾರುಕಟ್ಟೆಯ ಮಾತು ಹುಟ್ಟುವ ಮೊದಲೇ ಇಲ್ಲಿ ಅದು ನಡೆಯುತ್ತಿತ್ತು. ಯಾರನ್ನೂ ಕೇಳದೆ, ಆಳುವವರ ಅನುಕೂಲಕ್ಕಾಗಿ ಆದದ್ದು ಎಂಬುದು ಬೇರೆ ಮಾತು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಈ ಏಕತೆಯನ್ನು ಉಳಿಸಿಕೊಳ್ಳಬೇಕೆಂದು ಹೆಚ್ಚು ಹಂಬಲಿಸಿದವರು ಟಾಂಗನ್ಯೀಕದ ನಾಯಕ ಜೂಲಿಯಸ್ ನೈರೇರೆ. ಮೂರೂ ದೇಶ ಒಂದಾಗಿ ಸ್ವತಂತ್ರವಾಗುವುದಾದರೆ ತಮ್ಮ ದೇಶದ ಸ್ವಾತಂತ್ರ್ಯವನ್ನು ಸ್ವಲ್ಪ ಮುಂದೂಡಲೂ ಸಿದ್ಧ ಎಂದು ಅವರು 1960ರಲ್ಲಿ ಹೇಳಿದರು. 1963ರ ಜೂನ್‌ನಲ್ಲಿ ನೈರೇರೆ, ಕೆನ್ಯಾದ ಜೋಮೊ ಕೆನ್ಯಾಟ್ಟ ಮತ್ತು ಉಗಾಂಡದ ಮಿಲ್ಟನ್ ಒಬೋಟೆ ನೈರೋಬಿಯಲ್ಲಿ ಸೇರಿ, ವರ್ಷ ಮುಗಿಯುವುದರೊಳಗೆ ಒಕ್ಕೂಟ ರಚಿಸುವುದಾಗಿ ಘೋಷಿಸಿದರು. ವರ್ಷ ಮುಗಿಯಿತು, ಒಕ್ಕೂಟವಾಗಲಿಲ್ಲ. ಸಿಕ್ಕಿದ ಸ್ವಾತಂತ್ರ್ಯವನ್ನು ಇನ್ನೊಂದು ರಾಜಧಾನಿಗೆ ಒಪ್ಪಿಸಲು ಯಾರಿಗೂ ಮನಸ್ಸಾಗಲಿಲ್ಲ. 1966ರಲ್ಲಿ ಮೂರೂ ದೇಶಗಳು ತಮ್ಮದೇ ಕೇಂದ್ರ ಬ್ಯಾಂಕ್ ತೆರೆದವು. ಒಂದೇ ಆಗಿದ್ದ ಶಿಲ್ಲಿಂಗ್ ಮೂರಾಯಿತು.

ಉಳಿದದ್ದನ್ನಾದರೂ ಕಾಪಾಡಿಕೊಳ್ಳಲು 1967ರಲ್ಲಿ ಕಂಪಾಲದಲ್ಲಿ ಸಹಿಯಾದದ್ದೇ ಮೊದಲ ಪೂರ್ವ ಆಫ್ರಿಕಾ ಸಮುದಾಯದ ಒಪ್ಪಂದ. ಅದರೊಳಗಿನ ಹಂಚಿಕೆಯನ್ನು ನೋಡಿದರೆ ಅಂದಿನ ಅನುಮಾನಗಳೆಲ್ಲ ಕಣ್ಣಿಗೆ ಕಟ್ಟುತ್ತವೆ. ರೈಲು ಮತ್ತು ವಿಮಾನ ಸಂಸ್ಥೆಯ ಮುಖ್ಯ ಕಚೇರಿ ನೈರೋಬಿಗೆ, ಬಂದರು ನಿಗಮ ದಾರ್ ಎಸ್ ಸಲಾಮ್‌ಗೆ, ಅಂಚೆ-ದೂರವಾಣಿ ಮತ್ತು ಅಭಿವೃದ್ಧಿ ಬ್ಯಾಂಕ್ ಕಂಪಾಲಕ್ಕೆ, ಆಡಳಿತ ಕಚೇರಿ ಅರುಶಾಕ್ಕೆ. ಬಿಳಿಯ ವಲಸಿಗರ ಕಾಲದಿಂದಲೂ ಹೆಚ್ಚಿನ ಕಾರ್ಖಾನೆಗಳು ಕೆನ್ಯಾದಲ್ಲೇ ಇದ್ದವು. ಸುಂಕವಿಲ್ಲದ ಮಾರುಕಟ್ಟೆಯಿಂದ ಕೆನ್ಯಾದ ಸರಕು ನೆರೆಯವರ ಅಂಗಡಿ ತುಂಬುತ್ತದೆ, ನೆರೆಯವರ ಕಾರ್ಖಾನೆ ಏಳುವುದೇ ಇಲ್ಲ ಎಂಬುದು ಉಳಿದಿಬ್ಬರ ದೂರು. ಅದಕ್ಕಾಗಿ ಅವರಿಗೆ ಕೆನ್ಯಾದ ಕೆಲವು ಸರಕಿನ ಮೇಲೆ ವಿಶೇಷ ತೆರಿಗೆ ಹಾಕುವ ಹಕ್ಕು ಕೊಡಲಾಯಿತು. ಅಭಿವೃದ್ಧಿ ಬ್ಯಾಂಕಿನ ಹೂಡಿಕೆಯಲ್ಲಿ ತಾಂಜಾನಿಯ ಮತ್ತು ಉಗಾಂಡಕ್ಕೆ ತಲಾ ಶೇ 38.75, ಕೆನ್ಯಾಕ್ಕೆ ಶೇ 22.5 ಎಂದು ಗೊತ್ತುಮಾಡಲಾಯಿತು.

ಇಷ್ಟು ಅಳೆದು ಸುರಿದು ಕಟ್ಟಿದ ಮನೆಯ ತೊಲೆ ಮಾತ್ರ ಮೂವರು ಅಧ್ಯಕ್ಷರ ಸ್ನೇಹ. 1971ರ ಜನವರಿಯಲ್ಲಿ ಇದಿ ಅಮೀನ್ ಸೇನೆಯ ಬಲದಿಂದ ಒಬೋಟೆಯನ್ನು ಕೆಳಗಿಳಿಸಿದರು. ಒಬೋಟೆಗೆ ಆಶ್ರಯ ಕೊಟ್ಟವರು ನೈರೇರೆ. ಅಮೀನ್ ಜೊತೆ ಒಂದೇ ಮೇಜಿಗೆ ಕೂರಲು ಅವರು ಒಪ್ಪಲಿಲ್ಲ. ಮೂವರೂ ಸೇರಿದರೆ ಮಾತ್ರ ತೀರ್ಮಾನ ಎಂಬ ನಿಯಮವಿದ್ದ ಸಂಸ್ಥೆಯ ಅತ್ಯುನ್ನತ ಸಭೆ ಆಮೇಲೆ ಸೇರಲೇ ಇಲ್ಲ. ಅತ್ತ ತಾಂಜಾನಿಯ ಸಮಾಜವಾದದ ದಾರಿ ಹಿಡಿದಿತ್ತು, ಕೆನ್ಯಾ ಖಾಸಗಿ ಬಂಡವಾಳದ ದಾರಿ ಹಿಡಿದಿತ್ತು. ಹಣದ ಜಗಳ ಬೆಳೆಯುತ್ತ ಹೋಗಿ, 1977ರ ಆರಂಭದಲ್ಲಿ ಜಂಟಿ ವಿಮಾನ ಸಂಸ್ಥೆ ಈಸ್ಟ್ ಆಫ್ರಿಕನ್ ಏರ್‌ವೇಸ್ ನೆಲ ಕಚ್ಚಿತು. ಕೆನ್ಯಾ ತನ್ನದೇ ವಿಮಾನ ಸಂಸ್ಥೆ ತೆರೆಯಿತು. ತಾಂಜಾನಿಯ ಕೆನ್ಯಾದ ಗಡಿಯನ್ನೇ ಮುಚ್ಚಿತು. ಒಳಗಿದ್ದ ಕೆನ್ಯಾದ ಪ್ರವಾಸಿ ವಾಹನಗಳನ್ನೂ ಸಣ್ಣ ವಿಮಾನಗಳನ್ನೂ ಹಿಡಿದಿಟ್ಟುಕೊಂಡಿತು. ಗಡಿ ಮತ್ತೆ ತೆರೆದದ್ದು 1983ರಲ್ಲಿ. ಅಷ್ಟರಲ್ಲಿ ಉಗಾಂಡ ಮತ್ತು ತಾಂಜಾನಿಯದ ನಡುವೆ ಒಂದು ಯುದ್ಧವೇ ನಡೆದು, ಅಮೀನ್ ದೇಶ ಬಿಟ್ಟು ಓಡಿದ್ದರು.

ಒಡೆದುಹೋದ ಸಮುದಾಯದ ಆಸ್ತಿ ಪಾಲು ಮಾಡುವ ಕೆಲಸ ಸ್ವಿಟ್ಜರ್ಲೆಂಡಿನ ರಾಜತಾಂತ್ರಿಕ ವಿಕ್ಟರ್ ಉಂಬ್ರಿಕ್ಟ್ ಅವರ ಪಾಲಿಗೆ ಬಂತು. ಎಂಜಿನ್, ಬೋಗಿ, ಸಾಲ ಎಲ್ಲವನ್ನೂ ಹಂಚಿ ಮುಗಿಸಲು 1984 ಬಂತು. ಬೀದಿಗೆ ಬಿದ್ದ ನೌಕರರು ಪಿಂಚಣಿಗಾಗಿ ಅದಾದ ಮೇಲೂ ದಶಕಗಳ ಕಾಲ ಕೋರ್ಟುಗಳಿಗೆ ಅಲೆದರು. ಆದರೆ ಆ ವಿಭಜನೆಯ ಪತ್ರದಲ್ಲಿ ಒಂದು ಕಲಮು ಉಳಿದುಕೊಂಡಿತ್ತು: ಮುಂದೆ ಸಹಕಾರದ ದಾರಿಗಳನ್ನು ಹುಡುಕಲು ಮೂರೂ ದೇಶ ಒಪ್ಪಿವೆ ಎಂದು. 1993ರಲ್ಲಿ ಅದೇ ಎಳೆ ಹಿಡಿದು ಮಾತುಕತೆ ಶುರುವಾಯಿತು. 1999ರ ನವೆಂಬರ್ 30ರಂದು ಅರುಶಾದಲ್ಲಿ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. 2000ದ ಜುಲೈ 7ರಿಂದ ಅದು ಜಾರಿಗೆ ಬಂತು.

ಸುಟ್ಟ ಬೆರಳಿನವರು ಬರೆದ ಒಪ್ಪಂದವಿದು. ಹಿಂದಿನಂತೆ ರೈಲು, ವಿಮಾನಗಳನ್ನು ಸೇರಿ ಹೊಂದುವ ಗೋಜಿಗೆ ಹೋಗಲಿಲ್ಲ. ನಿಯಮಗಳನ್ನಷ್ಟೇ ಸಮಾನ ಮಾಡಿಕೊಳ್ಳೋಣ ಎಂದರು. ಅಧ್ಯಕ್ಷರ ಸಿಟ್ಟಿಗೆ ಎಲ್ಲ ನಿಲ್ಲಬಾರದೆಂದು ಒಂದು ಶಾಸನ ಸಭೆ ಮತ್ತು ಒಂದು ನ್ಯಾಯಾಲಯ ಬಂದವು. ದೊಡ್ಡವರು ಚಿಕ್ಕವರನ್ನು ತುಳಿಯಬಾರದೆಂದು ಪ್ರತಿ ದೇಶಕ್ಕೂ ಶಾಸನ ಸಭೆಯಲ್ಲಿ ಒಂಬತ್ತೇ ಸ್ಥಾನ, ಖರ್ಚಿಗೂ ಎಲ್ಲರದೂ ಸಮಪಾಲು. ಮುಖ್ಯ ತೀರ್ಮಾನಗಳಿಗೆ ಸರ್ವಾನುಮತ ಕಡ್ಡಾಯ. 2005ರಲ್ಲಿ ಸುಂಕ ಒಕ್ಕೂಟ, 2010ರಲ್ಲಿ ಸಾಮಾನ್ಯ ಮಾರುಕಟ್ಟೆ ಜಾರಿಯಾದವು. ಬೇರೆ ದೇಶಗಳೂ ಬಾಗಿಲು ತಟ್ಟಿದವು: 2007ರಲ್ಲಿ ರುವಾಂಡ ಮತ್ತು ಬುರುಂಡಿ, 2016ರಲ್ಲಿ ದಕ್ಷಿಣ ಸುಡಾನ್, 2022ರಲ್ಲಿ ಕಾಂಗೊ, 2024ರಲ್ಲಿ ಸೊಮಾಲಿಯ.

ಸಮುದ್ರವಿಲ್ಲದ ದೇಶಗಳಿಗೆ ಇದರಿಂದ ಏನು ಸಿಕ್ಕಿತು ಎಂಬುದನ್ನು ಮೊಂಬಾಸಾದಿಂದ ಕಂಪಾಲಕ್ಕೆ ಹೊರಡುವ ಒಂದು ಕಂಟೈನರ್ ಹೇಳುತ್ತದೆ. ದಾರಿ ಸುಮಾರು 1,200 ಕಿಲೋಮೀಟರ್. ಹಿಂದೆ ಲಾರಿ ಬಂದರಿನಲ್ಲಿ ಒಮ್ಮೆ, ಗಡಿಯಲ್ಲಿ ಎರಡು ಸಲ ಕಾಗದ ತೋರಿಸಿ, ಲಾರಿ ತೂಗುವ ವೇಬ್ರಿಡ್ಜ್‌ಗಳಲ್ಲಿ ಸಾಲುಗಟ್ಟಿ ನಿಂತು, ಹದಿನೆಂಟು ದಿನಕ್ಕೆ ಕಂಪಾಲ ಮುಟ್ಟುತ್ತಿತ್ತು. 2014ರಿಂದ ಜಾರಿಗೆ ಬಂದ ಏಕ ಸುಂಕ ಪ್ರದೇಶದ ವ್ಯವಸ್ಥೆಯಲ್ಲಿ ಉಗಾಂಡದ ತೆರಿಗೆ ಅಧಿಕಾರಿಗಳೇ ಮೊಂಬಾಸಾದಲ್ಲಿ ಕೂರುತ್ತಾರೆ. ಆಮದುದಾರ ಕಂಪಾಲದಲ್ಲಿ ತೆರಿಗೆ ಕಟ್ಟಿದ ಮೇಲೆ ಸರಕು ಬಂದರಿನಿಂದ ಹೊರಡುತ್ತದೆ. ಕಂಟೈನರಿಗೆ ಹಾಕಿದ ಎಲೆಕ್ಟ್ರಾನಿಕ್ ಬೀಗ ಲಾರಿ ಎಲ್ಲಿದೆ ಎಂದು ದಾರಿಯುದ್ದಕ್ಕೂ ತಿಳಿಸುತ್ತಿರುತ್ತದೆ. ಪ್ರಯಾಣ ನಾಲ್ಕು ದಿನಕ್ಕೆ ಇಳಿದಿದೆ ಎಂಬುದು ಸಮುದಾಯದ ಲೆಕ್ಕ. ಅದೇ ವರ್ಷದಿಂದ ಕೆನ್ಯಾ, ಉಗಾಂಡ, ರುವಾಂಡದ ಜನ ರಾಷ್ಟ್ರೀಯ ಗುರುತಿನ ಚೀಟಿ ತೋರಿಸಿ ಒಬ್ಬರ ದೇಶಕ್ಕೆ ಇನ್ನೊಬ್ಬರು ಹೋಗಬಹುದು, ಪಾಸ್‌ಪೋರ್ಟ್ ಬೇಡ.

ಈ ದಾರಿ ನಿಂತರೆ ಏನಾಗುತ್ತದೆ ಎಂಬುದನ್ನೂ ಸಮುದ್ರವಿಲ್ಲದ ದೇಶಗಳು ಕಂಡಿವೆ. 2007ರ ಡಿಸೆಂಬರ್ ಚುನಾವಣೆಯ ನಂತರ ಕೆನ್ಯಾದಲ್ಲಿ ಗಲಭೆ ಹೊತ್ತಿಕೊಂಡಾಗ ನೈರೋಬಿಯ ಕಿಬೇರಾದಲ್ಲಿ ಜನ ರೈಲು ಹಳಿಯನ್ನೇ ಕಿತ್ತುಹಾಕಿದರು. ಹೆದ್ದಾರಿಗಳು ಬಂದ್ ಆದವು. ಆ ಚುನಾವಣೆಗೆ ಏನೇನೂ ಸಂಬಂಧವಿಲ್ಲದ ಉಗಾಂಡ ಮತ್ತು ರುವಾಂಡದಲ್ಲಿ ಪೆಟ್ರೋಲಿಗೆ ಹಾಹಾಕಾರವೆದ್ದಿತು.

ಇಷ್ಟೆಲ್ಲ ಇದ್ದೂ ಸದಸ್ಯ ದೇಶಗಳು ತಮ್ಮ ತಮ್ಮೊಳಗೆ ಮಾಡುವ ವ್ಯಾಪಾರ ಅವುಗಳ ಒಟ್ಟು ವ್ಯಾಪಾರದ ಐದನೆಯ ಒಂದು ಭಾಗವನ್ನೂ ಮುಟ್ಟಿಲ್ಲ. ಒಂದು ಕಾರಣ, ಹಲವರು ಬೆಳೆಯುವುದೂ ಒಂದೇ, ಮಾರುವುದೂ ಒಂದೇ: ಚಹಾ, ಕಾಫಿ, ಚಿನ್ನ. ಅವಕ್ಕೆ ಗಿರಾಕಿಗಳು ಖಂಡದ ಹೊರಗಿದ್ದಾರೆ. ಇನ್ನೊಂದು ಕಾರಣ ಸುಂಕ ಹೋದ ಮೇಲೂ ಉಳಿದ ಅಡ್ಡಿಗಳು. ಸರಕಾರಕ್ಕೆ ನೆರೆಯವರ ಸರಕು ಬೇಡವೆನಿಸಿದರೆ ಆರೋಗ್ಯದ ನೆಪವೋ ಪರವಾನಗಿಯ ನೆಪವೋ ಸಿಗುತ್ತದೆ. 2017ರಲ್ಲಿ ಕೆನ್ಯಾದಿಂದ ನಮಂಗಾ ಗಡಿಯಲ್ಲಿ ಬಂದ 6,400 ಕೋಳಿಮರಿಗಳನ್ನು ತಾಂಜಾನಿಯದ ಅಧಿಕಾರಿಗಳು ಹಕ್ಕಿಜ್ವರದ ಭಯವೆಂದು ಹೇಳಿ ಸುಟ್ಟುಹಾಕಿದರು. ಅದೇ ಹೊತ್ತಿಗೆ ಮೇವು ಹುಡುಕಿ ಗಡಿ ದಾಟಿದ್ದ ಕೆನ್ಯಾದ ಮಸಾಯಿ ದನಗಾಹಿಗಳ 1,300ಕ್ಕೂ ಹೆಚ್ಚು ದನಗಳನ್ನು ಹಿಡಿದು ಹರಾಜು ಹಾಕಿದರು. ಮಸಾಯಿಗಳು ಗಡಿಯ ಎರಡೂ ಬದಿ ಇರುವವರು. ಗಡಿ ಹುಟ್ಟುವ ಮೊದಲೇ ಅಲ್ಲಿ ದನ ಮೇಯಿಸುತ್ತಿದ್ದವರು.

ಕೆನ್ಯಾವೇನೂ ಹಿಂದೆ ಬೀಳಲಿಲ್ಲ. 2021ರ ಮಾರ್ಚ್‌ನಲ್ಲಿ ಶಿಲೀಂಧ್ರದ ವಿಷವಿದೆಯೆಂದು ಉಗಾಂಡ ಮತ್ತು ತಾಂಜಾನಿಯದ ಮೆಕ್ಕೆಜೋಳವನ್ನು ರಾತ್ರೋರಾತ್ರಿ ನಿಷೇಧಿಸಿತು. ಗಡಿಯಲ್ಲಿ ಲಾರಿಗಳು ಸಾಲುಗಟ್ಟಿದ ಮೇಲೆ ಷರತ್ತುಗಳೊಂದಿಗೆ ಸಡಿಲಿಸಿತು. ಶಿಲೀಂಧ್ರದ ವಿಷ ನಿಜವಾದ ಅಪಾಯವೇ. ಆದರೆ ಅದನ್ನು ಪರೀಕ್ಷಿಸುವ ಒಂದೇ ಪ್ರಯೋಗಾಲಯದ ಮಾತನ್ನು ಎಲ್ಲರೂ ಒಪ್ಪುವ ವ್ಯವಸ್ಥೆ ಗಟ್ಟಿಯಾಗಿಲ್ಲದಿದ್ದಾಗ ಪ್ರತಿ ತಕರಾರೂ ರಾಜಕೀಯವಾಗಿ ಕಾಣುತ್ತದೆ. ರುವಾಂಡ ಮತ್ತು ಉಗಾಂಡದ ಜಗಳದಲ್ಲಂತೂ ನೆಪದ ಅಗತ್ಯವೂ ಹೆಚ್ಚು ಬೀಳಲಿಲ್ಲ. ಪರಸ್ಪರ ಗೂಢಚರ್ಯೆಯ ಆರೋಪಗಳ ನಡುವೆ 2019ರ ಫೆಬ್ರುವರಿಯಲ್ಲಿ ಮುಚ್ಚಿದ ಗಟೂನಾ ಗಡಿ ತೆರೆದದ್ದು 2022ರ ಜನವರಿ ಕೊನೆಗೆ. ಸುಮಾರು ಮೂರು ವರ್ಷ ಸಾಮಾನ್ಯ ಮಾರುಕಟ್ಟೆಯ ಒಂದು ಬಾಗಿಲಿಗೆ ಬೀಗ.

ಹೊರಗಿನವರ ಮುಂದೆ ಒಟ್ಟಾಗಿ ನಿಲ್ಲುವುದು ಇನ್ನೂ ಕಷ್ಟ. ಅಮೆರಿಕ, ಯುರೋಪುಗಳಲ್ಲಿ ಜನ ತೊಟ್ಟು ಬಿಟ್ಟ ಬಟ್ಟೆ ಮೂಟೆ ಮೂಟೆಯಾಗಿ ಪೂರ್ವ ಆಫ್ರಿಕಾಕ್ಕೆ ಬರುತ್ತದೆ. ‘ಮಿತುಂಬಾ’ ಎಂದು ಕರೆಯುವ ಈ ಬಟ್ಟೆಯ ವ್ಯಾಪಾರದಲ್ಲಿ ಲಕ್ಷಾಂತರ ಬಡವರ ಅನ್ನವಿದೆ. ಇದರಿಂದ ಸ್ಥಳೀಯ ನೇಯ್ಗೆ, ಹೊಲಿಗೆಯ ಗಿರಣಿಗಳು ಮೇಲೇಳುತ್ತಿಲ್ಲ ಎಂಬ ಮಾತೂ ಇದೆ. 2016ರಲ್ಲಿ ಸಮುದಾಯದ ದೇಶಗಳ ಮುಖ್ಯಸ್ಥರು ಮೂರು ವರ್ಷದಲ್ಲಿ ಇದರ ಆಮದು ನಿಲ್ಲಿಸುವುದೆಂದು ತೀರ್ಮಾನಿಸಿದರು. ಹಳೆ ಬಟ್ಟೆ ರಫ್ತು ಮಾಡುವ ಅಮೆರಿಕದ ಸಂಘವೊಂದು ತನ್ನ ಸರಕಾರಕ್ಕೆ ದೂರು ಕೊಟ್ಟಿತು. ಅಮೆರಿಕದ ಮಾರುಕಟ್ಟೆಗೆ ಸುಂಕವಿಲ್ಲದೆ ಸರಕು ಕಳಿಸುವ ಸವಲತ್ತು ಹೋಗಬಹುದೆಂಬ ಎಚ್ಚರಿಕೆ ಬಂದದ್ದೇ ತಡ, ಸಿದ್ಧ ಉಡುಪಿನ ದೊಡ್ಡ ರಫ್ತುದಾರ ಕೆನ್ಯಾ ಮೊದಲು ಹಿಂದೆ ಸರಿಯಿತು. ತಾಂಜಾನಿಯ, ಉಗಾಂಡ ಸಡಿಲಗೊಂಡವು. ರುವಾಂಡ ಮಾತ್ರ ಪಟ್ಟು ಬಿಡಲಿಲ್ಲ. 2018ರ ಜುಲೈನಲ್ಲಿ ಅದರ ಉಡುಪುಗಳಿಗಿದ್ದ ಸವಲತ್ತನ್ನು ಅಮೆರಿಕ ಅಮಾನತು ಮಾಡಿತು. ಯುರೋಪಿನ ಒಕ್ಕೂಟದ ಜೊತೆಗಿನ ವ್ಯಾಪಾರ ಒಪ್ಪಂದದಲ್ಲೂ ಇದೇ ಆಯಿತು. ಎಲ್ಲರೂ ಸೇರಿ ಮಾಡಬೇಕಿದ್ದ ಸಹಿಯನ್ನು ತಾಂಜಾನಿಯ ನಿರಾಕರಿಸಿತು; ಕೆನ್ಯಾ ಕಾದು ಕಾದು 2023ರ ಡಿಸೆಂಬರ್‌ನಲ್ಲಿ ಒಂಟಿಯಾಗಿ ಸಹಿ ಹಾಕಿತು.

ಸಮುದಾಯದ ಅಂಗಗಳಲ್ಲಿ ಜನರಿಗೆ ನಿರೀಕ್ಷೆ ಮೀರಿ ಒದಗಿದ್ದು ಅರುಶಾದ ನ್ಯಾಯಾಲಯ. ಸಾಮಾನ್ಯ ಪ್ರಜೆಯೂ ತನ್ನ ಸರಕಾರ ಒಪ್ಪಂದ ಮುರಿದಿದೆ ಎಂದು ಅಲ್ಲಿ ದಾವೆ ಹೂಡಬಹುದು. 2007ರಲ್ಲಿ ಅದು ಉಗಾಂಡದ ವಿರುದ್ಧವೇ ತೀರ್ಪು ಕೊಟ್ಟಿತು: ಕೋರ್ಟು ಜಾಮೀನು ಕೊಟ್ಟ ಆರೋಪಿಗಳನ್ನು ಶಸ್ತ್ರಧಾರಿ ಪಡೆ ಅಡ್ಡಗಟ್ಟಿ ಮತ್ತೆ ಜೈಲಿಗೆ ಒಯ್ದದ್ದು ಕಾನೂನಿನ ಆಳ್ವಿಕೆಗೆ ವಿರುದ್ಧ ಎಂದು. 2014ರಲ್ಲಿ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ನಡುವೆ ತಾಂಜಾನಿಯ ಹಾಕಬೇಕೆಂದಿದ್ದ ಡಾಂಬರು ರಸ್ತೆಗೆ ತಡೆ ಒಡ್ಡಿತು. ಪ್ರತಿ ವರ್ಷ ಲಕ್ಷಗಟ್ಟಲೆ ವಿಲ್ಡೆಬೀಸ್ಟ್‌ಗಳು ಸೆರೆಂಗೆಟಿಯಿಂದ ಕೆನ್ಯಾದ ಮಸಾಯಿ ಮಾರಾಕ್ಕೆ ನಡೆದುಹೋಗುವ ದಾರಿಯದು. ಆದರೆ ನ್ಯಾಯಾಲಯದ ಕೈ ಎಷ್ಟು ಉದ್ದವಿರಬೇಕು ಎಂಬುದನ್ನು ನಿರ್ಧರಿಸುವವರು ಸರಕಾರಗಳೇ. 2006ರಲ್ಲಿ ಕೆನ್ಯಾ ತನ್ನ ಪ್ರತಿನಿಧಿಗಳನ್ನು ಸರಿಯಾದ ಚುನಾವಣೆಯಿಲ್ಲದೆ ಶಾಸನ ಸಭೆಗೆ ಕಳಿಸಿದೆ ಎಂಬ ದೂರಿನಲ್ಲಿ ಅವರ ಪ್ರಮಾಣವಚನಕ್ಕೆ ಅದು ತಡೆ ಕೊಟ್ಟಿತು. ಮುಖ್ಯಸ್ಥರು ಕೂಡಲೇ ಒಪ್ಪಂದಕ್ಕೆ ತಿದ್ದುಪಡಿ ತಂದು, ನ್ಯಾಯಾಧೀಶರನ್ನು ಅಮಾನತು ಮಾಡುವ, ತೆಗೆಯುವ ದಾರಿಗಳನ್ನು ಅಗಲ ಮಾಡಿದರು.

ಎಲ್ಲಕ್ಕಿಂತ ಕಠಿಣ ಪರೀಕ್ಷೆ ಬಂದದ್ದು ಕಾಂಗೊದಲ್ಲಿ. ಆ ದೇಶ ಸೇರಿದಾಗ ವ್ಯಾಪಾರಿಗಳು ಅದರ ಮಾರುಕಟ್ಟೆಯನ್ನು ಕಂಡು ಹಿಗ್ಗಿದರು. ಅದರ ಯುದ್ಧವೂ ಜೊತೆಗೇ ಒಳಗೆ ಬಂತು. ಪೂರ್ವ ಕಾಂಗೊದಲ್ಲಿ ಎಂ23 ಬಂಡುಕೋರರಿಗೆ ರುವಾಂಡದ ಬೆಂಬಲವಿದೆ ಎಂದು ವಿಶ್ವಸಂಸ್ಥೆಯ ತಜ್ಞರು ವರದಿ ಮಾಡಿದ್ದಾರೆ. ರುವಾಂಡ ಅಲ್ಲಗಳೆಯುತ್ತ ಬಂದಿದೆ. ಅಂದರೆ ಒಬ್ಬ ಸದಸ್ಯನ ದೂರು ಇನ್ನೊಬ್ಬ ಸದಸ್ಯನ ಮೇಲೆ. 2022ರ ನವೆಂಬರ್‌ನಲ್ಲಿ ಸಮುದಾಯ ತನ್ನದೇ ಪಡೆಯನ್ನು ಕಳಿಸಿತು. ಅದು ಬಂಡುಕೋರರೊಡನೆ ಹೋರಾಡುತ್ತಿಲ್ಲವೆಂದು ಬೇಸತ್ತ ಕಾಂಗೊ, ವರ್ಷ ಕಳೆಯುವಷ್ಟರಲ್ಲಿ ಅದನ್ನು ವಾಪಸು ಕಳಿಸಿತು. 2025ರ ಜನವರಿ ಕೊನೆಗೆ ಪೂರ್ವ ಕಾಂಗೊದ ಗೋಮಾ ನಗರ ಎಂ23 ಕೈಗೆ ಬಿತ್ತು. ಫೆಬ್ರುವರಿಯಲ್ಲಿ ಆಫ್ರಿಕಾದ ದಕ್ಷಿಣ ಭಾಗದ ದೇಶಗಳ ಕೂಟದ ಜೊತೆ ಸೇರಿ ದಾರ್ ಎಸ್ ಸಲಾಮ್‌ನಲ್ಲಿ ಶೃಂಗಸಭೆ ನಡೆಯಿತು, ಕದನವಿರಾಮಕ್ಕೆ ಕರೆ ಕೊಟ್ಟದ್ದಾಯಿತು. ಆದರೆ ಜೂನ್‌ನಲ್ಲಿ ಕಾಂಗೊ ಮತ್ತು ರುವಾಂಡದ ವಿದೇಶಾಂಗ ಸಚಿವರು ಒಪ್ಪಂದಕ್ಕೆ ಸಹಿ ಹಾಕಿದ್ದು ವಾಷಿಂಗ್ಟನ್ನಿನಲ್ಲಿ. ತಪ್ಪಿದ ಸದಸ್ಯನನ್ನು ಶಿಕ್ಷಿಸಲು ಒಪ್ಪಂದದಲ್ಲಿ ಕಲಮುಗಳಿವೆ. ಸರ್ವಾನುಮತದ ಅಭ್ಯಾಸವಿರುವ ಕೂಟದಲ್ಲಿ ಅವನ್ನು ಬಳಸುವುದು ಸುಲಭವಲ್ಲ.

ಅದೇ ವರ್ಷದ ಜುಲೈನಲ್ಲಿ ತಾಂಜಾನಿಯ ಹೊಸದೊಂದು ಆದೇಶ ಹೊರಡಿಸಿತು. ಮೊಬೈಲ್ ಹಣ ವರ್ಗಾವಣೆ, ಫೋನ್ ರಿಪೇರಿ, ಸಲೂನ್, ಪ್ರವಾಸಿ ಗೈಡ್ ಮುಂತಾದ ಹದಿನೈದು ಬಗೆಯ ಸಣ್ಣ ಉದ್ಯೋಗಗಳನ್ನು ವಿದೇಶಿಯರು ಮಾಡುವಂತಿಲ್ಲ ಎಂದು. ತಾಂಜಾನಿಯದ ಸಣ್ಣ ವ್ಯಾಪಾರಿಗಳ ಒತ್ತಡ ಇದರ ಹಿಂದಿತ್ತು. ಹೊರಗಿನವರಿಂದ ತಮ್ಮ ಹೊಟ್ಟೆಗೆ ಪೆಟ್ಟು ಬೀಳುತ್ತಿದೆ ಎಂಬುದು ಅವರ ಅಳಲು. ಕೆನ್ಯಾದವರು ಸಿಡಿದೆದ್ದರು. ಯಾವ ಸದಸ್ಯ ದೇಶದಲ್ಲಾದರೂ ಕೆಲಸ ಮಾಡುವ, ಅಂಗಡಿ ತೆರೆಯುವ ಹಕ್ಕು ಕೊಡುವುದಾಗಿ 2010ರ ಸಾಮಾನ್ಯ ಮಾರುಕಟ್ಟೆ ಹೇಳಿತ್ತಲ್ಲ ಎಂದು ಕೇಳಿದರು.

ಇದರ ನಡುವೆ ಮೂರನೆಯ ಮೆಟ್ಟಿಲಾದ ಸಾಮಾನ್ಯ ನಾಣ್ಯದ ಗಡುವು ಒಮ್ಮೆ ದಾಟಿಹೋಗಿದೆ. 2013ರಲ್ಲಿ ಸಹಿ ಹಾಕುವಾಗ 2024 ಎಂದಿದ್ದರು, ಈಗ 2031 ಎನ್ನುತ್ತಿದ್ದಾರೆ. ಒಳಗೆ ಬರುವ ದೇಶದ ಹಣದುಬ್ಬರ ಶೇ 8 ಮೀರಬಾರದು, ಬಜೆಟ್ ಕೊರತೆ ಜಿಡಿಪಿಯ ಶೇ 3 ದಾಟಬಾರದು, ಸಾಲ ಜಿಡಿಪಿಯ ಅರ್ಧದೊಳಗಿರಬೇಕು, ನಾಲ್ಕೂವರೆ ತಿಂಗಳ ಆಮದಿಗಾಗುವಷ್ಟು ವಿದೇಶಿ ವಿನಿಮಯ ಕೈಯಲ್ಲಿರಬೇಕು. ಎಲ್ಲವನ್ನೂ ಒಟ್ಟಿಗೆ ಪಾಲಿಸುವುದು ಗಟ್ಟಿ ಆರ್ಥಿಕತೆಗಳಿಗೇ ಕಷ್ಟ. ದಕ್ಷಿಣ ಸುಡಾನಿಗೆ ದೂರದ ಮಾತು. ಸಮುದಾಯದ ಸ್ವಂತ ಖರ್ಚಿನ ಸಮಪಾಲನ್ನೇ ಹಲವು ದೇಶಗಳು ವರ್ಷಗಟ್ಟಲೆ ಬಾಕಿ ಉಳಿಸಿಕೊಂಡಿವೆ. ಒಂದು ಭಾಗವನ್ನಾದರೂ ದೇಶದ ಶಕ್ತಿಗೆ ತಕ್ಕಂತೆ ವಸೂಲು ಮಾಡೋಣ ಎಂಬ ಪ್ರಸ್ತಾವ ಹಲವು ಸಭೆಗಳನ್ನು ಕಂಡಿದೆ. ಹೊಸ ನಾಣ್ಯಕ್ಕೆ ತಯಾರಿ ನಡೆಸಬೇಕಾದ ಹಣಕಾಸು ಸಂಸ್ಥೆಯ ಮಸೂದೆ ಶಾಸನ ಸಭೆ ದಾಟಿದ ಮೇಲೂ, ಅದರ ಮುಖ್ಯ ಕಚೇರಿ ತಮ್ಮ ದೇಶದಲ್ಲೇ ಇರಬೇಕೆಂಬ ಸದಸ್ಯರ ಪೈಪೋಟಿಯಲ್ಲಿ ವರ್ಷಗಳು ಉರುಳಿದವು. 1967ರಲ್ಲಿ ಕಚೇರಿಗಳನ್ನು ಹಂಚಿಕೊಂಡಾಗ ಕೇಳಿಬಂದ ಅದೇ ಲೆಕ್ಕಾಚಾರವನ್ನು ಈಗ ಮೂವರ ಬದಲು ಎಂಟು ಜನ ಕೂತು ಮಾಡುತ್ತಿದ್ದಾರೆ.